ನನ್ನ ಎಕ್ಸೆಲ್ ಶೀಟಿನ 14ನೇ ಸಾಲು

"ನೀನು ಬೆಂಗಳೂರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಅಲ್ವೇನೇ? ನಮ್ದೂ ಒಂದು ಪ್ರಾಜೆಕ್ಟ್ ಇದೆ, ಸ್ವಲ್ಪ ಮ್ಯಾನೇಜ್ ಮಾಡಿಕೊಡು."

ಹೋದ ವರ್ಷ ದಸರಾ ರಜೆಗೆ ಊರಿಗೆ ಹೋದಾಗ ಅಪ್ಪ ಹೀಗಂದ್ರು. ನಾನು ಬ್ಯಾಗ್ ಇಟ್ಟು ಇನ್ನೂ ಕಾಫಿ ಕುಡಿದಿರಲಿಲ್ಲ. ನಮ್ಮೂರಿನ ರಂಗಮಂದಿರವನ್ನು ರಿಪೇರಿ ಮಾಡಿಸಬೇಕಂತೆ. ಸಮಿತಿಯ ಖಜಾಂಚಿ ಅಪ್ಪನೇ. ಊರಿನವರು, ಹೊರಗೆ ಕೆಲಸದಲ್ಲಿರೋ ನಮ್ಮಂಥವರು ಸೇರಿ ಕೊಟ್ಟ ದುಡ್ಡು 22 ಲಕ್ಷ ಆಗಿತ್ತು. ಅದನ್ನು ಎಲ್ಲಿಗೆ ಎಷ್ಟು ಹಾಕಬೇಕು ಅನ್ನೋದು ಪ್ರಶ್ನೆ.

ನಮ್ಮೂರು ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ, ಶಿರಾಳಕೊಪ್ಪ ದಾಟಿದ ಮೇಲೆ ಸಿಗುತ್ತೆ. ಹೆಸರು ಹೇಳೋದಿಲ್ಲ. ಹೇಳಿದ್ರೆ ಸಮಿತಿಯವರು ಬೇಜಾರು ಮಾಡ್ಕೊಳ್ತಾರೆ. ರಂಗಮಂದಿರಕ್ಕೆ ನನಗಿಂತ ಜಾಸ್ತಿ ವಯಸ್ಸು. ಮೊದಲು ಬರೀ ಕಲ್ಲು ಕಟ್ಟಿದ ವೇದಿಕೆ. ಆಮೇಲೆ ಗೋಡೆ ಬಂತು, ತಗಡಿನ ಶೀಟು ಬಂತು. ರಾಜ್ಯೋತ್ಸವದ ನಾಟಕ, ಯಕ್ಷಗಾನ, ಶಾಲೆಯ ವಾರ್ಷಿಕೋತ್ಸವ, ನಡುನಡುವೆ ಮದುವೆ, ಎಲ್ಲಾ ಅಲ್ಲೇ. ನಾನು ಎರಡನೇ ಕ್ಲಾಸಿನಲ್ಲಿ ಚಿಟ್ಟೆಯಾಗಿ ಕುಣಿದಿದ್ದೂ ಅಲ್ಲೇ.

ನಮ್ಮ ಸೀಮೆಗೆ ಕಲೆ ಹೊಸದೇನಲ್ಲ. ಶಿರಾಳಕೊಪ್ಪದ ಪಕ್ಕದಲ್ಲೇ ಬಳ್ಳಿಗಾವಿ. ಅಲ್ಲಮ ಅಲ್ಲಿ ಮದ್ದಳೆ ನುಡಿಸುತ್ತಿದ್ದ ಅಂತ ಹರಿಹರನ ರಗಳೆ ಹೇಳುತ್ತೆ. ನಾಟ್ಯರಾಣಿ ಶಾಂತಲೆ ಅಲ್ಲಿಯವಳೇ ಅಂತ ನಮ್ಮ ಕಡೆ ಎಲ್ಲರೂ ನಂಬ್ತಾರೆ. ಅಕ್ಕಮಹಾದೇವಿಯ ಉಡುತಡಿಯೂ ಶಿಕಾರಿಪುರ ತಾಲ್ಲೂಕಿನದ್ದೇ. ಸೊರಬದ ಗುಡಿಗಾರರ ಗಂಧದ ಕೆತ್ತನೆ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಇಂಥಾ ಸೀಮೆಯಲ್ಲಿ ನಾಟಕ ಆಡೋಕೆ ಇರೋ ಜಾಗದ ಶೀಟು ಸೋರುತ್ತೆ ಅಂದ್ರೆ ಬೇಜಾರಾಗುತ್ತೆ ತಾನೇ?

ಆ ರಾತ್ರಿಯೇ ಲ್ಯಾಪ್‌ಟಾಪ್ ತೆಗೆದೆ. ಕೆಲಸ, ಅಂದಾಜು ಖರ್ಚು, ಆದ್ಯತೆ, ಯಾವ ಹಂತ, ಎಲ್ಲಾ ಬಣ್ಣ ಹಚ್ಚಿ ಎಕ್ಸೆಲ್ ಶೀಟ್ ಮಾಡಿದೆ. ಒಂದನೇ ಸಾಲು: 220 ಪುಶ್‌ಬ್ಯಾಕ್ ಸೀಟು, ಹದಿನಾಲ್ಕು ಲಕ್ಷದ ಮೇಲೆ. ಎರಡನೇ ಸಾಲು: ಗೋಡೆಗೆ ಹೊಳೆಯುವ ಟೈಲ್ಸ್. ಮೂರು: ಹೊಸ ಸೌಂಡ್ ಸಿಸ್ಟಮ್. ನಾಲ್ಕು: ಮುಂಭಾಗಕ್ಕೆ ಎಲ್‌ಇಡಿ ಬೋರ್ಡು. ಹೀಗೇ ಹೋಯ್ತು. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ "ಭೇಷ್" ಅಂದ್ರು. ನನಗೂ ಹೆಮ್ಮೆ. ಆಫೀಸಿನಲ್ಲಿ ಇಷ್ಟು ಬೇಗ ಯಾರೂ ಭೇಷ್ ಅನ್ನೋದಿಲ್ಲ.

ಮೊದಲ ಪೆಟ್ಟು ಬಿದ್ದಿದ್ದು ಹೆಗ್ಗೋಡಿನಲ್ಲಿ.

ಸಾಗರದ ಹತ್ತಿರದ ಹೆಗ್ಗೋಡಿನ ನೀನಾಸಂ ಹೆಸರು ನೀವು ಕೇಳೇ ಇರ್ತೀರಿ. "ರಿಪೇರಿಗೆ ಮುಂಚೆ ಅಲ್ಲಿ ಒಂದು ನಾಟಕ ನೋಡ್ಕೊಂಡು ಬರೋಣ" ಅಂತ ಅಪ್ಪ ಕರೆದುಕೊಂಡು ಹೋದ್ರು. ದಾರಿಯುದ್ದಕ್ಕೂ ಅದರ ಕಥೆ. ನೀನಾಸಂ ಶುರುವಾಗಿದ್ದು 1949ರಲ್ಲಿ, ಊರಿನ ಹವ್ಯಾಸಿ ತಂಡವಾಗಿ. ಅಡಿಕೆ ತೋಟದ ನಡುವಿನ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಮತ್ತವರ ಗೆಳೆಯರು ನಾಟಕ ಆಡ್ತಾ ಆಡ್ತಾ ಅದನ್ನು ಬೆಳೆಸಿದ್ರು. ಶಿವರಾಮ ಕಾರಂತ ರಂಗಮಂದಿರ ಆಗಿದ್ದು 1972ರಲ್ಲಿ. ರಂಗಶಿಕ್ಷಣ ಕೇಂದ್ರ 1980ರಲ್ಲಿ, ಊರೂರಿಗೆ ನಾಟಕ ಒಯ್ಯುವ ತಿರುಗಾಟ 1985ರಲ್ಲಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದು 1991ರಲ್ಲಿ.

ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. ಸಂಘ ಹುಟ್ಟಿದ 23 ವರ್ಷಕ್ಕೆ ರಂಗಮಂದಿರ! ನಾವಾದ್ರೆ ಮೊದಲು ಕಟ್ಟಡ ಕಟ್ಟಿ, ಆಮೇಲೆ ಅದರಲ್ಲಿ ಏನು ಮಾಡೋಣ ಅಂತ ಯೋಚಿಸ್ತೀವಿ. ಅವರು ಮೊದಲು ಆಡಿದ್ರು. ಆಡುವವರಿಗೆ ಏನು ಬೇಕು ಅಂತ ಗೊತ್ತಾದ ಮೇಲೆ ಕಟ್ಟಿದ್ರು.

ಆ ಸಂಜೆ ನಾಟಕದಲ್ಲಿ ಒಬ್ಬ ನಟಿ ಪಿಸುಮಾತಿನಲ್ಲಿ ಒಂದು ಸಾಲು ಹೇಳಿದಳು. ಹಿಂದೆ ಕೂತ ನನಗೂ ಕೇಳಿಸಿತು. ಬೆಂಗಳೂರಿನ ಜೆ.ಪಿ. ನಗರದ ರಂಗಶಂಕರದಲ್ಲೂ ನನಗೆ ಹೀಗೇ ಆಗಿತ್ತು. ಆದ್ರೆ ಯಾಕೆ ಕೇಳಿಸುತ್ತೆ ಅಂತ ಯಾವತ್ತೂ ಯೋಚಿಸಿರಲಿಲ್ಲ. ನಮ್ಮೂರಲ್ಲಿ ಮೈಕ್ ಹಿಡಿದು ಕಿರುಚಿದ್ರೂ ಹಿಂದಿನ ಸಾಲಿಗೆ "ಬವ್ವಬವ್ವ" ಅಂತಷ್ಟೇ ಕೇಳೋದು.

ಮಾರನೇ ದಿನ ಖಾಲಿ ರಂಗಮಂದಿರದ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದೆ. ಸದ್ದು ಗೋಡೆಯಿಂದ ಗೋಡೆಗೆ, ಶೀಟಿನಿಂದ ನೆಲಕ್ಕೆ ಓಡಾಡಿ, ಸಾಯೋಕೆ ಮೂರು ಸೆಕೆಂಡ್ ತಗೊಳ್ತು. ಫೋನಿನ ಆ್ಯಪ್‌ನಲ್ಲೂ ಅಷ್ಟೇ ಬಂತು. ಮಾತು ಸ್ಪಷ್ಟವಾಗಿ ಕೇಳಬೇಕಾದ್ರೆ ಅದು ಒಂದು ಸೆಕೆಂಡಿನ ಆಸುಪಾಸು ಇರಬೇಕು. ಇಲ್ಲದಿದ್ರೆ ಹಿಂದಿನ ಪದದ ಬಾಲ ಮುಂದಿನ ಪದದ ತಲೆ ಮೇಲೆ ಬೀಳುತ್ತೆ.

ಈ ಲೆಕ್ಕ ಕಂಡುಹಿಡಿದ ಕಥೆ ಚೆನ್ನಾಗಿದೆ. 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಹೊಸ ಉಪನ್ಯಾಸ ಭವನದಲ್ಲಿ ಮೇಷ್ಟ್ರ ಪಾಠ ಯಾರಿಗೂ ಅರ್ಥ ಆಗ್ತಿರಲಿಲ್ಲ. ಒಂದು ಮಾತು ಸುಮಾರು ಐದೂವರೆ ಸೆಕೆಂಡ್ ಗುಂಯ್‌ಗುಡ್ತಿತ್ತಂತೆ. ಸರಿಮಾಡೋಕೆ ಹೇಳಿದ್ದು ವ್ಯಾಲೇಸ್ ಸಬೈನ್ ಅನ್ನೋ ಯುವ ಅಧ್ಯಾಪಕನಿಗೆ. ಅವನು ರಾತ್ರಿ ಎಲ್ಲಾ ನಿಶ್ಶಬ್ದವಾದ ಮೇಲೆ ಪಕ್ಕದ ಥಿಯೇಟರಿನ ಸೀಟಿನ ದಿಂಬು ಹೊತ್ತು ತಂದು, ಎಷ್ಟು ದಿಂಬಿಟ್ರೆ ಸದ್ದು ಎಷ್ಟು ಬೇಗ ಅಡಗುತ್ತೆ ಅಂತ ಅಳೀತಾ ಹೋದ. ಅದರಿಂದ ಹುಟ್ಟಿದ ಸೂತ್ರವನ್ನೇ ಇವತ್ತೂ ಬಳಸ್ತಾರೆ. ಜಾಗ ದೊಡ್ಡದಾದಷ್ಟೂ ಗುಂಯ್‌ಗುಡುವಿಕೆ ಜಾಸ್ತಿ, ಸದ್ದನ್ನು ಹೀರುವ ವಸ್ತು ಜಾಸ್ತಿ ಇದ್ದಷ್ಟೂ ಕಮ್ಮಿ. ಅಷ್ಟೇ.

ಆ ಸೂತ್ರಕ್ಕೆ ನಮ್ಮ 60 ಅಡಿ ಉದ್ದ, 40 ಅಡಿ ಅಗಲ, 20 ಅಡಿ ಎತ್ತರವನ್ನು ಹಾಕಿದೆ. ಖಾಲಿ ಇದ್ದಾಗ ಮೂರು ಸೆಕೆಂಡು. 200 ಜನ ಕೂತ್ರೆ ಸುಮಾರು ಒಂದೂವರೆ. ಹೌದು, ಸದ್ದು ಹೀರೋದ್ರಲ್ಲಿ ಮನುಷ್ಯರೇ ಗಟ್ಟಿಗರು. ಮೈ, ಬಟ್ಟೆ, ಶಾಲು ಎಲ್ಲಾ ಸೇರಿ. ನನ್ನ ಎರಡನೇ ಸಾಲಿನ ಟೈಲ್ಸ್ ಹಾಕಿದ್ರೆ? ಈಗಿನ ಸುಣ್ಣದ ಗೋಡೆ ಹೀರುವ ಚೂರುಪಾರನ್ನೂ ಕಳ್ಕೊಳ್ತಿದ್ವಿ. ಹೊಸ ಸ್ಪೀಕರ್ ತಂದ್ರೆ ಗದ್ದಲವೇ ಇನ್ನೂ ಜೋರಾಗಿ ಕೇಳ್ತಿತ್ತು. ಎರಡು, ಮೂರು, ಎರಡೂ ಸಾಲು ಡಿಲೀಟ್. ಅವುಗಳ ಬದಲು ಹಿಂದಿನ ಗೋಡೆ ಮತ್ತು ಪಕ್ಕದ ಗೋಡೆಗೆ ಮರದ ಚೌಕಟ್ಟಿನಲ್ಲಿ ರಾಕ್‌ವುಲ್ ತುಂಬಿ ಸೆಣಬಿನ ಬಟ್ಟೆ ಹೊದಿಸೋದು ಅಂತ ಬರೆದೆ. ಮೊಟ್ಟೆ ಟ್ರೇ ಅಂಟಿಸಿದ್ರೆ ಸಾಕು ಅಂತ ಊರಿನ ವಾಟ್ಸ್ಆ್ಯಪ್ ಗ್ರೂಪಲ್ಲಿ ಸಲಹೆ ಬಂತು. ದಯವಿಟ್ಟು ಹಾಗೆ ಮಾಡ್ಬೇಡಿ. ಅದರಿಂದ ಪ್ರಯೋಜನ ತೀರಾ ಕಮ್ಮಿ, ಬೆಂಕಿ ಬಿದ್ರೆ ಮಾತ್ರ ಧಗಧಗ.

ಇನ್ನೊಂದು ತೊಂದರೆ ಶೀಟಿಂದು. ನಮ್ಮ ಕಡೆ ಜೂನ್‌ನಿಂದ ಮಳೆ ಹಿಡೀತು ಅಂದ್ರೆ ತಗಡಿನ ಕೆಳಗೆ ನಿಂತು ಪಕ್ಕದವರ ಜೊತೆಗೂ ಮಾತಾಡೋಕಾಗಲ್ಲ. ಹಾಗಾಗಿ ವರ್ಷದಲ್ಲಿ ನಾಲ್ಕು ತಿಂಗಳು ರಂಗಮಂದಿರಕ್ಕೆ ಬೀಗ. ಶೀಟಿನ ಕೆಳಗೆ ಒಂದು ಪದರ ಹಾಕೋದು ಅಂತ ಅದನ್ನೂ ಸೇರಿಸಿದೆ. ವೈರಿಂಗ್ ಹಳೇದು. ಸಾವಿರ ವಾಟಿನ ಹ್ಯಾಲೊಜನ್ ಹತ್ತು ಹಚ್ಚಿದ್ರೆ ಹತ್ತು ಕಿಲೋವಾಟ್, ತಂತಿ ಬಿಸಿಯಾಗುತ್ತೆ. ಎಲ್‌ಇಡಿ ದೀಪಕ್ಕೆ ಬದಲಾಯಿಸೋದು ಅಂತ ಬರೆದೆ. ಬಾಗಿಲು ಒಳಗೆ ತೆರೆಯುತ್ತಿದ್ದವು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 59 ಜನ ಸತ್ತಿದ್ದು ನೆನಪಾಯ್ತು. ಅಲ್ಲಿ ಒಳಗಿದ್ದವರಿಗೆ ಹೊರಗೆ ಬರೋಕೆ ದಾರಿ ಸಿಗಲಿಲ್ಲ. ನಮ್ಮ ಬಾಗಿಲುಗಳು ಹೊರಗೆ ತೆರೆಯಬೇಕು ಅಂತ ಕೆಂಪಕ್ಷರದಲ್ಲಿ ಹಾಕಿದೆ. ಗಾಲಿಕುರ್ಚಿಗೆ ರ‍್ಯಾಂಪ್, ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಇಷ್ಟಾದ್ರೂ ಒಂದನೇ ಸಾಲು ಅಲ್ಲೇ ಇತ್ತು. ಪುಶ್‌ಬ್ಯಾಕ್ ಸೀಟು ಬೇಕೇ ಬೇಕು ಅಂತ ಸಮಿತಿಯ ಹಟ, ನನ್ನದೂ ಆಸೆ. ಮೆತ್ತನೆ ಸೀಟು ಸದ್ದನ್ನೂ ಹೀರುತ್ತೆ ಅಂತ ನೆಪವೂ ಸಿಕ್ಕಿತ್ತು.

ದೀಪಾವಳಿಗೆ ಮತ್ತೆ ಊರಿಗೆ ಹೋದಾಗ ಶೀಟಿನ ಪ್ರಿಂಟ್ ಊಟದ ಮೇಜಿನ ಮೇಲಿತ್ತು. ಅಮ್ಮ ಪಾತ್ರೆ ಸರಿಸುತ್ತಾ ಅದನ್ನು ಓದಿದಳು. ಅಮ್ಮ ಇಂಥದ್ದಕ್ಕೆಲ್ಲ ಬಾಯಿ ಹಾಕೋಳಲ್ಲ. ಬೆರಳಿಟ್ಟು ಒಂದೇ ಪ್ರಶ್ನೆ ಕೇಳಿದಳು.

"ಇದೆಂತ, ಹದಿನಾಲ್ಕನೇದು?"

14ನೇ ಸಾಲು: ಹೆಂಗಸರ ಬಣ್ಣದ ಕೋಣೆ, ಶೌಚಾಲಯ. ಆದ್ಯತೆ: ಕಡಿಮೆ. ಎರಡನೇ ಹಂತ, ದುಡ್ಡು ಉಳಿದ್ರೆ.

"ದುಡ್ಡು ಉಳಿಯಲ್ಲ" ಅಂದಳು ಅಮ್ಮ. "ಆವಾಗ್ಲೂ ಹೀಗೇ ಅಂದಿದ್ರು."

ಆವಾಗ ಅಂದ್ರೆ ಯಾವಾಗ? ಅಮ್ಮ ಇದೇ ಊರಿನ ಮಗಳು, ಇದೇ ಊರಿನ ಸೊಸೆ. ಮದುವೆಗೆ ಮುಂಚೆ, ಇಪ್ಪತ್ತರ ವಯಸ್ಸಲ್ಲಿ, ರಾಜ್ಯೋತ್ಸವದ ನಾಟಕದಲ್ಲಿ ಪಾರ್ಟು ಮಾಡಿದ್ದಳಂತೆ. ನನಗೆ ಇದೇ ಮೊದಲ ಸಲ ಗೊತ್ತಾಗಿದ್ದು! ವೇದಿಕೆ ಹಿಂದೆ ಇದ್ದಿದ್ದು ಒಂದೇ ಕೋಣೆ, ಅದರ ತುಂಬಾ ಗಂಡಸರು. ಹೆಣ್ಣುಮಕ್ಕಳು ಸೀರೆ ಬದಲಾಯಿಸೋಕೆ ಹಿಂದಿನ ಮನೆಯ ಕೊಟ್ಟಿಗೆಗೆ ಹೋಗಬೇಕಿತ್ತು. ಎರಡನೇ ಅಂಕಕ್ಕೆ ರೇಷ್ಮೆ ಸೀರೆ ಉಟ್ಟು ಕತ್ತಲಲ್ಲಿ ಓಡಿ ಬರುವಾಗ ಅಕಾಲದ ಮಳೆ, ಕೆಸರು, ಜಾರಿ ಬಿದ್ದಳು. ವೇದಿಕೆಯಲ್ಲಿ ರಾಜ ಎರಡು ಸಲ ಕರೆದ. ರಾಣಿ ಬರಲಿಲ್ಲ. ಮೂರನೇ ಸಲಕ್ಕೆ ಕೆಸರು ಮೆತ್ತಿಕೊಂಡ ರಾಣಿ ಬಂದಾಗ ಸಭೆಯೆಲ್ಲಾ ನಕ್ಕಿತು. ಅಜ್ಜ ಮನೆಗೆ ಬಂದು "ಇಷ್ಟು ಸಾಕು" ಅಂದ್ರಂತೆ. ಅದೇ ಮೊದಲು, ಅದೇ ಕೊನೆ.

"ಬಿದ್ದಿದ್ದಕ್ಕಲ್ಲ ಬೇಜಾರು" ಅಂದಳು ಅಮ್ಮ. "ಮಾತು ಪೂರ್ತಿ ಬರ್ತಿತ್ತು ನಂಗೆ."

ಅಪ್ಪ ಏನೂ ಮಾತಾಡಲಿಲ್ಲ. ಆ ದಿನ ಅವರು ಸಭೆಯಲ್ಲಿದ್ರಾ, ನಕ್ಕಿದ್ರಾ, ನಾನು ಕೇಳಲಿಲ್ಲ.

ನನಗೆ ನಾಚಿಕೆಯಾಗಿದ್ದು ಬೇರೆ ಕಾರಣಕ್ಕೆ. ಆ ಸಾಲನ್ನು ಬರೆದವಳು ನಾನು. ಒಬ್ಬ ಹೆಣ್ಣು. ಆಫೀಸಿನಲ್ಲಿ ಶೌಚಾಲಯದ ಫ್ಲಶ್ ಕೆಟ್ರೆ ಐದು ನಿಮಿಷದಲ್ಲಿ ದೂರು ಕೊಡೋಳು. ಊರಿನ ರಂಗಮಂದಿರ ಅಂದ ಕೂಡಲೇ ಪ್ರೇಕ್ಷಕರ ಕುರ್ಚಿಯಲ್ಲೇ ಕೂತು ಯೋಚಿಸಿದ್ದೆ. ಪರದೆಯ ಆ ಕಡೆ ನಿಂತು ಒಂದು ಸಲವೂ ನೋಡಿರಲಿಲ್ಲ. ಊರಿನ ನಾಟಕಕ್ಕೆ ಹೆಣ್ಣುಮಕ್ಕಳು ಬರೋದಿಲ್ಲ, ಹೊರಗಿನಿಂದ ಕರೆಸಬೇಕು ಅಂತ ಸಮಿತಿಯವರು ಪ್ರತಿ ವರ್ಷ ಗೊಣಗ್ತಾರೆ. ಯಾಕೆ ಬರೋದಿಲ್ಲ ಅನ್ನೋದಕ್ಕೆ ಉತ್ತರ ನನ್ನ ಶೀಟಿನಲ್ಲೇ ಇತ್ತು, ಕಡಿಮೆ ಆದ್ಯತೆ ಅಂತ.

ಮುಂದಿನ ಮೀಟಿಂಗಿಗೆ ನಾನು ವಿಡಿಯೊ ಕಾಲ್‌ನಲ್ಲಿ ಸೇರಿದೆ. 14ನೇ ಸಾಲನ್ನು ಒಂದನೇದಕ್ಕೆ ತಂದು, ಪುಶ್‌ಬ್ಯಾಕ್ ಸೀಟನ್ನು 14ಕ್ಕೆ ಇಳಿಸಿದ್ದೆ. ಗದ್ದಲವೋ ಗದ್ದಲ. "ಜನ ಬಂದು ಕೂರೋದು ಕುರ್ಚಿ ಮೇಲೆ, ಬಣ್ಣದ ಕೋಣೆ ಯಾರಿಗೆ ಕಾಣುತ್ತೆ?" ಅಂದ್ರು ಒಬ್ಬರು. ದಾನಿಗಳ ಹೆಸರು ಎಲ್ಲಿ ಬರೆಸೋದು, ಶೌಚಾಲಯದ ಮೇಲಾ ಅಂತ ಇನ್ನೊಬ್ಬರು. ಅದಕ್ಕೆ ನಗು. ಆಗ ಅಪ್ಪ ಎದ್ದು ನಿಂತು, "ನನ್ನ ಹೆಸರು ಬರೆಸಿ ಅದರ ಮೇಲೆ" ಅಂದ್ರು. ಆಮೇಲೆ ಯಾರೂ ನಗಲಿಲ್ಲ.

ಎಲ್ಲಾ ಗೆದ್ವಿ ಅಂತ ಅಂದ್ಕೋಬೇಡಿ. ಸೀಟು ಕೈಬಿಟ್ಟಿದ್ದಕ್ಕೆ ಇಬ್ಬರು ದಾನಿಗಳು ದುಡ್ಡು ವಾಪಸ್ ತಗೊಂಡ್ರು. ಎಲ್‌ಇಡಿ ಬೋರ್ಡಿನ ಆಸೆ ಬಿಡೋಕಾಗದೆ ಚಿಕ್ಕದೊಂದು ಹಾಕಿಸಿದ್ದಾರೆ, ರಾತ್ರಿಯೆಲ್ಲಾ ಮಿಣಮಿಣ ಅನ್ನುತ್ತೆ. ಹಿಂದಿನ ಗೋಡೆಗೆ ಸೆಣಬಿನ ಹೊದಿಕೆ ಆಗಿದೆ, ಪಕ್ಕದ್ದು ಬಾಕಿ. ಕೂರೋಕೆ ಅದೇ ಹಳೇ ಪ್ಲಾಸ್ಟಿಕ್ ಕುರ್ಚಿ. ಆದ್ರೆ ಶೀಟಿನ ಕೆಳಗೆ ಪದರ ಬಿದ್ದಿದೆ, ಬಾಗಿಲು ಹೊರಗೆ ತೆರೀತವೆ, ಚಪ್ಪಾಳೆ ಈಗ ಎರಡು ಸೆಕೆಂಡಿನೊಳಗೆ ಅಡಗುತ್ತೆ. ವೇದಿಕೆಯ ಎಡಗಡೆ ಎರಡು ಕೋಣೆ, ಕನ್ನಡಿ, ನಲ್ಲಿ, ಶೌಚಾಲಯ.

ಈ ಜೂನಿನಲ್ಲಿ ಹೋದಾಗ ಅಮ್ಮನನ್ನು ಕರೆದುಕೊಂಡು ಹೋದೆ. ಹೊರಗೆ ಮಳೆ ಹೊಯ್ತಿತ್ತು. ಒಳಗೆ ಅದು ದೂರದಲ್ಲಿ ಯಾರೋ ಅಕ್ಕಿ ಕೇರಿದ ಹಾಗೆ ಕೇಳಿಸ್ತಿತ್ತು. ಅಮ್ಮ ಬಣ್ಣದ ಕೋಣೆಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಚಿಲಕ ತೆಗೆದ ಸದ್ದು.

"ಗಟ್ಟಿ ಇದೆ" ಅಂತ ಹೇಳಿ ಹೊರಗೆ ಬಂದಳು.

ನಿಮ್ಮೂರಲ್ಲೂ ಇಂಥದ್ದೊಂದು ರಂಗಮಂದಿರ ಇರುತ್ತೆ. ಇವತ್ತಲ್ಲ ನಾಳೆ ಯಾರಾದ್ರೂ ರಿಪೇರಿಗೆ ದುಡ್ಡು ಕೇಳಿ ನಿಮಗೆ ಮೆಸೇಜ್ ಹಾಕ್ತಾರೆ. ಕೊಡಿ, ಖಂಡಿತಾ ಕೊಡಿ. ಅದಕ್ಕೆ ಮುಂಚೆ ಒಂದು ಸಲ ಹೋಗಿ ನಡುವೆ ನಿಂತು ಚಪ್ಪಾಳೆ ತಟ್ಟಿ. ಆಮೇಲೆ ವೇದಿಕೆಯ ಹಿಂದೆ ಹೋಗಿ, ಅಲ್ಲಿ ಒಂದು ಬಾಗಿಲು ಇದೆಯಾ, ಅದಕ್ಕೆ ಒಳಗಿನಿಂದ ಚಿಲಕ ಇದೆಯಾ ನೋಡಿ.

ರಾಜ್ಯೋತ್ಸವದ ನಾಟಕಕ್ಕೆ ಈ ಸಲ ಊರಿನ ಐದು ಹೆಣ್ಣುಮಕ್ಕಳು ಹೆಸರು ಕೊಟ್ಟಿದ್ದಾರೆ ಅಂತ ಅಪ್ಪ ಮೊನ್ನೆ ಫೋನಿನಲ್ಲಿ ಹೇಳಿದ್ರು. ಐದನೇ ಹೆಸರು ಯಾರದ್ದು ಅಂತ ಕೇಳಿದೆ.

"ನಿಮ್ಮಮ್ಮನೇ ಹೇಳ್ತಾಳಂತೆ" ಅಂದ್ರು.