ಮರಳಿ ಬರುವ ದಾರಿ

ನನ್ನ ಸೋದರಳಿಯನು ಹಳೆಯ ಜೀಪಿನ ಚಾಸಿಗೆ ಬೇರೊಂದು ಗಾಡಿಯ ಡೀಸೆಲ್ ಇಂಜಿನ್ನನ್ನು ಕೂರಿಸಿ, ಹೊಸ ಬಾಡಿ ಕಟ್ಟಿಸಿಕೊಂಡಿದ್ದನು. ಗುಡ್ಡದ ಮೇಲಿನ ಮನೆಯಿಂದ ಅಕ್ಕನನ್ನು ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಕರೆದೊಯ್ಯಲು ಅದೊಂದೇ ಆಧಾರ. ಆದರೆ ಚಳಿಯ ಮುಂಜಾವಿನಲ್ಲಿ ಕೀಲಿ ತಿರುಗಿಸಿದರೆ ಇಂಜಿನ್ನು ಮುಲುಗಿ, ಅರ್ಧ ಸುತ್ತು ಹೊರಳಿ ನಿಲ್ಲುತ್ತಿತ್ತು. ಎರಡು ಬ್ಯಾಟರಿ ಬದಲಾದವು; ಸ್ಟಾರ್ಟರ್ ಮೋಟಾರನ್ನೂ ಬಿಚ್ಚಿ ಕೂಡಿಸಿದ್ದಾಯಿತು. "ಮಾವ, ಇದನ್ನು ಮಾರಿಬಿಡುತ್ತೇನೆ" ಎಂದನು.

ಓಮನ ನಿಯಮವನ್ನು ವರುಷಗಟ್ಟಲೆ ಕರಿಹಲಗೆಯ ಮೇಲೆ ಬರೆದವನಿಗೆ ಸಂದೇಹ ಸಹಜವಷ್ಟೆ. ಮಲ್ಟಿಮೀಟರ್ ತರಿಸಿದೆ. ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್ ತೋರಿಸಿತು. ಎಂದರೆ ಪೂರ್ಣ ಚಾರ್ಜು. ಕೀಲಿ ತಿರುಗಿಸಿದಾಗಲೂ 11ಕ್ಕಿಂತ ಕೆಳಗಿಳಿಯಲಿಲ್ಲ. ದೋಷ ಬ್ಯಾಟರಿಯದಲ್ಲ! ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಇಂಜಿನ್ನಿನ ಲೋಹಕ್ಕೂ ಮುಟ್ಟಿಸಿ, ಮತ್ತೆ ತಿರುಗಿಸಲು ಹೇಳಿದೆ. ಅರ್ಧ ವೋಲ್ಟೂ ಇರಬಾರದ ಆ ಜಾಗದಲ್ಲಿ 4 ವೋಲ್ಟ್ ಇತ್ತು. 200 ಆಂಪಿಯರ್ ಹರಿಯುವಲ್ಲಿ ಕೇವಲ 0.02 ಓಮ್ ರೋಧವಿದ್ದರೂ ಇಷ್ಟನ್ನು ನುಂಗಿಬಿಡುತ್ತದೆ.

ಇಂಜಿನ್ನು ಕೂರುವುದು ರಬ್ಬರಿನ ಮೇಲೆ. ಆದ್ದರಿಂದ ಅದನ್ನು ಚಾಸಿಗೆ ಬೆಸೆಯುವ ಅರ್ತ್ ಪಟ್ಟಿಯೇ ವಿದ್ಯುತ್ತು ಮರಳುವ ದಾರಿ. ಆ ಪಟ್ಟಿಯನ್ನು ಹೊಸ ಬಣ್ಣದ ಮೇಲೆಯೇ ಬಿಗಿದಿದ್ದರು. ಉಪ್ಪುಕಾಗದದಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ ಬಿಗಿದೊಡನೆ ಇಂಜಿನ್ನು ಗುಡುಗಿತು. ಖರ್ಚು ಎರಡು ರೂಪಾಯಿಯೂ ಇಲ್ಲ.

ಓದುಗ ಮಿತ್ರರೇ, ಕೈಯಾರೆ ಕಟ್ಟಿದ ಗಾಡಿ ಮುನಿದರೆ ಹೊಸ ಬ್ಯಾಟರಿ ಕೊಳ್ಳುವ ಮುನ್ನ ಅರ್ತನ್ನು ಅಳೆಯಿರಿ. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಮರಳುವ ದಾರಿಯನ್ನು ನೋಡುವವರು ಕಡಿಮೆ.