ಕಾಗಿಣಾ ಸೀಮೆಯಲ್ಲಿ ಕೂಸಿನ ಊಟ

ಮುಂಬಯಿ–ಚೆನ್ನೈ ಹಳಿಯಿಂದ ಸಿಕಂದರಾಬಾದಿನ ಹಳಿ ಕವಲೊಡೆಯುವುದು ವಾಡಿ ಜಂಕ್ಷನ್ನಿನಲ್ಲಿ. ನಿಜಾಮರ ಕಾಲದಲ್ಲಿ, 1874ರಲ್ಲಿ, ಹಾಕಿದ ಈ ಹಳಿಯ ಮೇಲೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಎಂದು ನಿಲ್ದಾಣಗಳು ಬರುತ್ತವೆ. ಎರಡೂ ಕಡೆ ತೊಗರಿಯ ಹೊಲ, ನಡುನಡುವೆ ಸುಣ್ಣದ ಕಲ್ಲಿನ ಗಣಿ, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ. ಈ ದಾರಿಯಲ್ಲಿ ಎಷ್ಟೋ ವರ್ಷ ಓಡಾಡಿದ ನನಗೆ ಕಿಟಕಿಯ ಹೊರಗಿನದಕ್ಕಿಂತ ಡಬ್ಬಿಯ ಒಳಗಿನ ನೋಟವೇ ಹೆಚ್ಚು ರುಚಿಸಿದೆ. ವಾಡಿ ದಾಟುತ್ತಲೇ ಬುತ್ತಿಯ ಗಂಟುಗಳು ಬಿಚ್ಚಿಕೊಳ್ಳುತ್ತವೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ದೊಡ್ಡವರ ಊಟ ಚಿತ್ತಾಪುರ ಬರುವ ಮೊದಲೇ ಮುಗಿಯುತ್ತದೆ. ತಾಯಿಯ ತೊಡೆಯ ಮೇಲಿನ ಒಂದೂವರೆ ವರ್ಷದ ಕೂಸು ಮಾತ್ರ ಅದೇ ಮೊದಲ ತುತ್ತನ್ನು ಗಲ್ಲದಲ್ಲಿ ಇಟ್ಟುಕೊಂಡು ಕಿಟಕಿಯ ಸರಳು ಎಣಿಸುತ್ತಿರುತ್ತದೆ.

"ಏನೂ ಉಣ್ಣಂಗಿಲ್ರಿ ಸರ್, ಒಂದ್ ತುತ್ತಿಗಿ ಒಂದ್ ತಾಸ್ ಹಿಡಿತದ" ಎಂಬ ಮಾತು ಈ ಸೀಮೆಯಲ್ಲಿ ಕೇಳದ ಮನೆಯಿಲ್ಲ. ಕಾರ್ಖಾನೆ ಕಾಲೊನಿಯ ಕ್ವಾರ್ಟರ್ಸಿನಲ್ಲೂ ಇದೇ, ಶಹಾಬಾದಿನ ಕಲ್ಲುಗಣಿಯ ಪಕ್ಕದ ಗುಡಿಸಲಲ್ಲೂ ಇದೇ. ಮಾತು ಒಂದೇ ಆದರೂ ಅದರ ಹಿಂದಿನ ಸಂಗತಿ ಎರಡೂ ಕಡೆ ಒಂದೇ ಅಲ್ಲ. ಅದನ್ನು ಬೇರ್ಪಡಿಸಿ ನೋಡುವುದಕ್ಕಾಗಿಯೇ ಈ ಸುತ್ತಾಟ.

ಮೊದಲು ಮಳಖೇಡದಲ್ಲಿ ಇಳಿಯೋಣ. ಕಾಗಿಣಾ ನದಿಯ ದಡದ ಈ ಊರು ರಾಷ್ಟ್ರಕೂಟರ ಮಾನ್ಯಖೇಟ. 'ಕವಿರಾಜಮಾರ್ಗ'ದ ಹೆಸರನ್ನು ಎಲ್ಲ ವಿದ್ಯಾರ್ಥಿಗಳೂ ಬಲ್ಲರು. ಅದೇ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ' ಬರೆದನೆಂಬುದನ್ನು ಮಾತ್ರ ಹೆಚ್ಚಿನವರು ಮರೆಯುತ್ತಾರೆ. ಗಣಿತದ ಊರಿಗೆ ಬಂದಮೇಲೆ ಒಂದು ಸಣ್ಣ ಲೆಕ್ಕ ಮಾಡದೆ ಹೋಗುವುದು ಸರಿಯಲ್ಲ.

ಹುಟ್ಟಿದಾಗ 3 ಕಿಲೋ ಇದ್ದ ಕೂಸು ವರ್ಷ ತುಂಬುವಾಗ ಸುಮಾರು 9 ಕಿಲೋ ಆಗುತ್ತದೆ. ಅಂದರೆ ಒಂದೇ ವರ್ಷದಲ್ಲಿ 6 ಕಿಲೋ ಗಳಿಕೆ. ಎರಡನೆಯ ವರ್ಷದಲ್ಲಿ ಗಳಿಕೆ ಎಷ್ಟು? ಎರಡು, ಹೆಚ್ಚೆಂದರೆ ಎರಡೂವರೆ ಕಿಲೋ. ಬೆಳವಣಿಗೆಯ ವೇಗ ಅರ್ಧಕ್ಕಿಂತ ಕೆಳಗೆ ಇಳಿದಿದೆ. ವೇಗ ಇಳಿದಮೇಲೆ ಮೊದಲಿನ ಆತುರದ ಹಸಿವು ಇರಬೇಕೆಂದರೆ ಹೇಗೆ? ಮೊದಲ ಹುಟ್ಟುಹಬ್ಬದ ಸುಮಾರಿಗೇ ತಾಯಂದಿರು "ಹ್ವಾದ ತಿಂಗಳ ತನಕ ಛಂದ ಉಣ್ತಿತ್ತು, ಈಗ ಏನಾಗ್ಯದೋ" ಎನ್ನುವುದು ಇದಕ್ಕೇ. ದೃಷ್ಟಿ ತೆಗೆಯುವ ಮೆಣಸಿನಕಾಯಿ ಖರ್ಚಾಗುತ್ತದೆಯೇ ಹೊರತು ಲೆಕ್ಕ ಬದಲಾಗುವುದಿಲ್ಲ.

ಲೆಕ್ಕದ ಇನ್ನೊಂದು ಭಾಗ ಹೊಟ್ಟೆಯ ಅಳತೆ. ಮಗುವಿನ ಜಠರ ಒಂದು ಕಿಲೋ ತೂಕಕ್ಕೆ ಸುಮಾರು 30 ಮಿಲಿಲೀಟರ್ ಹಿಡಿಯುತ್ತದೆ. 10 ಕಿಲೋದ ಕೂಸಿಗೆ 300 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟ. ಆದರೆ ಅದಕ್ಕೆ ದಿನಕ್ಕೆ ಬೇಕಾದ ಶಕ್ತಿ ಸುಮಾರು ಸಾವಿರ ಕ್ಯಾಲೊರಿ. ಕುಳಿತು ಕೆಲಸ ಮಾಡುವ ದೊಡ್ಡವನಿಗೆ ಬೇಕಾಗುವುದು ಅದರ ಎರಡು ಪಟ್ಟು ಮಾತ್ರ. ತೂಕಕ್ಕೆ ಹೋಲಿಸಿದರೆ ಕೂಸೇ ದೊಡ್ಡ ಊಟಗಾರ! ಸಣ್ಣ ಚೀಲ, ದೊಡ್ಡ ಸಾಮಾನು. ಒಂದೇ ಸಲ ತುಂಬಲು ಬರುವುದಿಲ್ಲ. ಆದ್ದರಿಂದಲೇ ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ ಮೂರು–ನಾಲ್ಕು ಊಟ, ನಡುವೆ ಒಂದೆರಡು ಸಲ ತಿನಿಸು, ಜೊತೆಗೆ ಎದೆಹಾಲು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಊಟಕ್ಕೆ 250 ಮಿಲಿಲೀಟರಿನ ಬಟ್ಟಲಿನಲ್ಲಿ ಮುಕ್ಕಾಲರಿಂದ ಒಂದು ಬಟ್ಟಲು ಸಾಕು.

ಇನ್ನು ಹೊತ್ತಿನ ಮಾತು. ಇದಕ್ಕೆ ಉತ್ತರ ಬಾಯಿಯಲ್ಲೇ ಇದೆ. ಮೊದಲ ದವಡೆ ಹಲ್ಲುಗಳು ಮೂಡುವುದು ಹದಿಮೂರರಿಂದ ಹತ್ತೊಂಬತ್ತು ತಿಂಗಳ ನಡುವೆ. ಎರಡನೆಯ ದವಡೆ ಹಲ್ಲು ಬರಬೇಕಾದರೆ ಎರಡು ವರ್ಷ ದಾಟಬೇಕು. ಇಪ್ಪತ್ತು ಹಾಲುಹಲ್ಲು ಪೂರ್ತಿಯಾಗುವುದು ಮೂರನೆಯ ವರ್ಷದ ಸುಮಾರಿಗೆ. ಬೀಸುಕಲ್ಲೇ ಇಲ್ಲದೆ ಜೋಳ ಬೀಸು ಎಂದರೆ ಹೇಗೋ ಹಾಗೆ, ದವಡೆ ಹಲ್ಲಿಲ್ಲದ ಕೂಸಿಗೆ ಕಟಕಲು ರೊಟ್ಟಿ ಕೊಟ್ಟು "ಲಗೂ ಉಣ್ಣು" ಎನ್ನುವುದು. ನಮ್ಮ ಅಜ್ಜಿಯಂದಿರು ಜೀವಶಾಸ್ತ್ರ ಓದಿರಲಿಲ್ಲ. ಆದರೂ ರೊಟ್ಟಿಯನ್ನು ನುರಿಸಿ ಬಿಸಿ ಹಾಲಿನಲ್ಲೋ ತೊಗರಿಬೇಳೆಯ ಕಟ್ಟಿನಲ್ಲೋ ನೆನೆಸಿ, ತುಪ್ಪ ಬಿಟ್ಟು ಕಿವುಚಿ ಉಣಿಸುತ್ತಿದ್ದರು. ಜೋಳದಲ್ಲಿ ಗೋಧಿಯ ಜಿಗುಟು ಇಲ್ಲದ್ದರಿಂದ ಅದು ಬೇಗ ನೆನೆಯುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿಯ ತೊಗರಿಬೇಳೆ ಜೊತೆಗೂಡಿದರೆ ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಸಾರವೂ ಸೇರುತ್ತದೆ. ಇದಕ್ಕಿಂತ ಒಳ್ಳೆಯ ಕೂಸಿನ ಊಟವನ್ನು ನಾನು ಯಾವ ಬಣ್ಣದ ಡಬ್ಬಿಯ ಮೇಲೂ ಓದಿಲ್ಲ.

ಇಪ್ಪತ್ತರಿಂದ ಮೂವತ್ತು ನಿಮಿಷ ಒಂದು ಊಟಕ್ಕೆ ಸಹಜ. ಅದಕ್ಕೂ ಮೀರಿ ಬಟ್ಟಲು ಹಿಡಿದು ಅಂಗಳದ ತುಂಬ ಬೆನ್ನಟ್ಟಿದರೆ ಹೊಟ್ಟೆಗೆ ಹೋಗುವುದು ಒಂದೆರಡು ತುತ್ತು. ತಾಯಿಯ ಸಿಟ್ಟು, ಕೂಸಿನ ಅಳು ಮಾತ್ರ ಲಾಭ. ತಟ್ಟೆ ಎತ್ತಿಬಿಡಬೇಕು. ಎರಡು–ಮೂರು ತಾಸಿಗೆ ಮತ್ತೆ ಊಟದ ಹೊತ್ತು ಬಂದೇ ಬರುತ್ತದೆ.

ಎಂಟನೆಯ ತರಗತಿಯ ಮಕ್ಕಳಿಗೆ ನಾನು ಒಮ್ಮೆ ಒಂದು ಪ್ರಯೋಗ ಕೊಟ್ಟಿದ್ದೆ: ಮನೆಯ ಚಿಕ್ಕ ತಮ್ಮನೋ ತಂಗಿಯೋ ಒಂದು ವಾರ ಏನು ಉಂಡರು, ಎಷ್ಟು ಹೊತ್ತು ಉಂಡರು ಎಂದು ಬರೆಯಿರಿ. ಒಬ್ಬಳ ಪಟ್ಟಿಯಲ್ಲಿ ಸೋಮವಾರ ಮಧ್ಯಾಹ್ನ "ನಾಕ್ ತುತ್ತು", ರಾತ್ರಿ "ಅಕ್ಕನ ಪಾಲೂ ಉಂಡಾಳ" ಎಂದಿತ್ತು. ತರಗತಿಯೆಲ್ಲ ನಕ್ಕಿತು. ಆದರೆ ಇದೇ ವಿಜ್ಞಾನ. ಅಮೆರಿಕದ ಲಿಯಾನ್ ಬರ್ಚ್ ಮತ್ತು ಸಂಗಡಿಗರು ಎರಡರಿಂದ ಐದು ವರ್ಷದ 15 ಮಕ್ಕಳ ಆಹಾರವನ್ನು ಆರು ದಿನ ಅಳೆದು 1991ರಲ್ಲಿ ಪ್ರಕಟಿಸಿದರು. ಒಂದು ಊಟಕ್ಕೂ ಇನ್ನೊಂದಕ್ಕೂ ಏರಿಳಿತ ಸರಾಸರಿ ನೂರಕ್ಕೆ ಸುಮಾರು 34ರಷ್ಟು. ಇಡೀ ದಿನದ ಮೊತ್ತ ನೋಡಿದರೆ ಏರಿಳಿತ ಸುಮಾರು 10 ಮಾತ್ರ. ಕೂಸು ಮಧ್ಯಾಹ್ನ ಬಿಟ್ಟದ್ದನ್ನು ರಾತ್ರಿ ಸರಿತೂಗಿಸುತ್ತದೆ. ನಾವು ಒಂದೇ ತಟ್ಟೆ ನೋಡಿ ಗಾಬರಿಯಾಗುತ್ತೇವೆ.

ಅದಕ್ಕೂ ಮೊದಲು, 1926ರಿಂದ, ಕ್ಲಾರಾ ಡೇವಿಸ್ ಎಂಬ ವೈದ್ಯೆ ಆಗಷ್ಟೇ ಎದೆಹಾಲು ಬಿಟ್ಟ ಹದಿನೈದು ಕೂಸುಗಳ ಮುಂದೆ ತಟ್ಟೆಗಳನ್ನಿಟ್ಟು, ಒತ್ತಾಯವಿಲ್ಲದೆ ತಾವೇ ಆರಿಸಿ ಉಣ್ಣಲು ಬಿಟ್ಟಿದ್ದಳು. ಪಟ್ಟಿಯಲ್ಲಿದ್ದುದು 34 ಬಗೆ. ಪ್ರತಿ ಕೂಸಿನ ಆಯ್ಕೆ ವಿಚಿತ್ರ, ಒಂದರಂತೆ ಇನ್ನೊಂದಿಲ್ಲ. ಆದರೂ ಎಲ್ಲವೂ ಚೆನ್ನಾಗಿ ಬೆಳೆದವು. ಈ ಪ್ರಯೋಗವನ್ನು ತೋರಿಸಿ "ಮಗು ಕೇಳಿದ್ದು ಕೊಡಿ" ಎನ್ನುವವರು ಒಂದು ಸಂಗತಿ ಬಿಡುತ್ತಾರೆ. ಆ 34ರಲ್ಲಿ ಸಕ್ಕರೆ ಇರಲಿಲ್ಲ, ಡಬ್ಬಿಯಲ್ಲಿ ತುಂಬಿದ ತಿನಿಸೂ ಇರಲಿಲ್ಲ. ಏನು ಇಡಬೇಕೆಂಬುದು ದೊಡ್ಡವರ ಕೆಲಸ, ಎಷ್ಟು ಉಣ್ಣಬೇಕೆಂಬುದು ಕೂಸಿನ ಕೆಲಸ.

ಸೇಡಂ ಬಸ್ ನಿಲ್ದಾಣದ ಅಂಗಡಿಗಳ ಮುಂದೆ ತೋರಣದಂತೆ ತೂಗುವ ಚಿಪ್ಸ್ ಪ್ಯಾಕೆಟ್ಟುಗಳನ್ನು ನೋಡಿದಾಗಲೆಲ್ಲ ಡೇವಿಸ್ ನೆನಪಾಗುತ್ತಾಳೆ. ಹನ್ನೊಂದಕ್ಕೆ ಒಂದು ಪ್ಯಾಕೆಟ್ಟು ತಿಂದ ಕೂಸು ಹನ್ನೆರಡಕ್ಕೆ ಬೇಳೆಯನ್ನ ಬೇಡವೆನ್ನುವುದು ರೋಗವಲ್ಲ, ಅಂಕಗಣಿತ. ಚಹಾ–ಬಿಸ್ಕತ್ತಿನ ರೂಢಿ ಇನ್ನೂ ಕೆಟ್ಟದ್ದು. ಚಹಾದ ಟ್ಯಾನಿನ್ ಊಟದ ಕಬ್ಬಿಣಾಂಶವನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ಹಾಲು ಒಳ್ಳೆಯದೇ, ಆದರೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಕುಡಿಸಿದರೆ ಊಟಕ್ಕೆ ಜಾಗವೆಲ್ಲಿ? ಮೊಬೈಲ್ ತೋರಿಸಿ ಉಣಿಸುವವರಂತೂ ಈಗ ಹಳ್ಳಿಯಲ್ಲೂ ಇದ್ದಾರೆ. ಚಿತ್ರ ನೋಡುವ ಕೂಸಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ, ಬಾಯಲ್ಲಿ ಏನಿದೆ ಎಂಬುದೂ ಗೊತ್ತಾಗುವುದಿಲ್ಲ. ಇಡೀ ಶೇಂಗಾ, ಹುರಿಗಡಲೆಗಳನ್ನು ಸಣ್ಣ ಮಕ್ಕಳಿಗೆ ಕೊಡಲೇಬಾರದು. ಶ್ವಾಸನಾಳಕ್ಕೆ ಹೋದರೆ ಜೀವಕ್ಕೇ ಅಪಾಯ.

ಉಣ್ಣದ ಕೂಸು ಉಣ್ಣುವುದನ್ನು ನೋಡಬೇಕಾದರೆ ಎಳ್ಳ ಅಮಾವಾಸ್ಯೆಯ ದಿನ ಈ ಸೀಮೆಯ ಹೊಲಕ್ಕೆ ಹೋಗಬೇಕು. ಹಲವು ಕಾಳು, ಹಲವು ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಚರಗ ಚೆಲ್ಲಿ ಎಲ್ಲರೂ ಗುಂಪಾಗಿ ಕೂತಾಗ, ಮನೆಯಲ್ಲಿ ಪಲ್ಯ ಕಂಡರೆ ಮುಖ ತಿರುಗಿಸುವ ಎರಡು ವರ್ಷದವನೂ ಅಣ್ಣಂದಿರ ನಡುವೆ ಕೈ ಹಾಕುತ್ತಾನೆ. ಹೊಸ ರುಚಿಗೆ ಹೆದರುವುದು ಆ ವಯಸ್ಸಿನ ಗುಣ. ಒಂದೇ ಪದಾರ್ಥವನ್ನು ಎಂಟು–ಹತ್ತು ಸಲ ಇಟ್ಟಮೇಲೆ ಒಪ್ಪಿಕೊಳ್ಳುವ ಮಕ್ಕಳೇ ಹೆಚ್ಚು. ನೋಡಿ ಕಲಿಯುವುದು ಎಲ್ಲಕ್ಕಿಂತ ಬೇಗ.

ಶಹಾಬಾದಿಗೆ ಬಂದರೆ ಮಾತು ಬದಲಾಗುತ್ತದೆ. ದೇಶದ ಎಷ್ಟೋ ಮನೆಗಳಿಗೆ ನೆಲವಾದ ಹಾಸುಗಲ್ಲು ಇಲ್ಲಿಯದು. ಆ ಕಲ್ಲು ಒಡೆಯುವವರ ಕೂಸು ನೆರಳಿಗೆ ಕಟ್ಟಿದ ಸೀರೆಯ ಕೆಳಗೆ ಮಲಗಿರುತ್ತದೆ. ತಾಯಿ ಮುಂಜಾನೆ ಉಣಿಸಿ ಹೋದರೆ ಮತ್ತೆ ಕೈ ತೊಳೆಯುವುದು ಮಧ್ಯಾಹ್ನಕ್ಕೆ. ದಿನಕ್ಕೆ ಐದು ಸಲ ಎಂಬ ಲೆಕ್ಕ ಇಲ್ಲಿ ಎರಡಕ್ಕೆ ನಿಲ್ಲುತ್ತದೆ. ಈ ಕೂಸು ಹಟದಿಂದ ಉಣ್ಣದೆ ಇರುವುದಲ್ಲ. ಬಹಳ ದಿನ ಕಡಿಮೆ ಉಂಡ ಮಗುವಿಗೆ ಹಸಿವೇ ಮಂದವಾಗುತ್ತದೆ, ಕೊಟ್ಟರೂ ಬೇಡವೆನ್ನುತ್ತದೆ. ಕಾಲೊನಿಯ ಕೂಸಿಗೆ "ಬಿಡ್ರಿ, ತಾನೇ ಉಣ್ತದ" ಎಂದ ಬಾಯಿಯಲ್ಲೇ ಇಲ್ಲಿ ಹಾಗೆನ್ನಲು ಬರುವುದಿಲ್ಲ.

ಯಾವುದು ಯಾವುದೆಂದು ತಿಳಿಯುವುದು ತಟ್ಟೆಯಿಂದಲ್ಲ, ತಕ್ಕಡಿಯಿಂದ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಗಿ ಚುಕ್ಕೆ ಹಾಕುವ ಗೆರೆ ಮೇಲಕ್ಕೆ ಏರುತ್ತಿದ್ದರೆ ಊಟ ಎಷ್ಟೇ ಕಡಿಮೆ ಕಂಡರೂ ಚಿಂತೆಯಿಲ್ಲ. ಗೆರೆ ಮಲಗಿದರೆ, ಇಳಿದರೆ, ಜ್ವರ ಭೇದಿ ಜೊತೆಗಿದ್ದರೆ ವೈದ್ಯರ ಬಳಿ ಹೋಗಬೇಕು. ಆರು ತಿಂಗಳಿಂದ ಐದು ವರ್ಷದವರೆಗೆ ತೋಳಿನ ಸುತ್ತಳತೆಗೂ ಒಂದು ಪಟ್ಟಿಯಿದೆ: 12.5 ಸೆಂಟಿಮೀಟರಿಗಿಂತ ಮೇಲೆ ಹಸಿರು, ಕೆಳಗೆ ಹಳದಿ, 11.5ಕ್ಕಿಂತ ಕೆಳಗಿಳಿದರೆ ಕೆಂಪು. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು.

ಚಿಂಚೋಳಿಯ ಕಡೆಗೆ ಹೋದಂತೆ ಕಾಡು ಬರುತ್ತದೆ, ಮುಲ್ಲಾಮಾರಿ ಹೊಳೆ ಬರುತ್ತದೆ, ತಾಂಡಾಗಳು ಬರುತ್ತವೆ. ದೀಪಾವಳಿ ಮುಗಿಯುತ್ತಲೇ ಅನೇಕ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗುತ್ತವೆ, ಕೂಸುಗಳನ್ನು ಕಟ್ಟಿಕೊಂಡು. ಅಲ್ಲಿಯ ಒಂದು ಅಂಗನವಾಡಿಯಲ್ಲಿ ತೂಕದ ದಾಖಲೆ ನೋಡಿದೆ. ಕಾರ್ಯಕರ್ತೆಯ ಅಕ್ಷರ ದುಂಡಗೆ, ಅಂಕಿಗಳು ಚೊಕ್ಕ. ಜೂನಿನಿಂದ ಅಕ್ಟೋಬರಿನವರೆಗೆ ಗೆರೆ ನಿಧಾನವಾಗಿ ಏರಿದೆ. ಆಮೇಲಿನ ಐದಾರು ಮನೆಗಳಲ್ಲಿ ಅಂಕಿಯಿಲ್ಲ; ಕೆಂಪು ಶಾಯಿಯಲ್ಲಿ "ಊರಲ್ಲಿ ಇಲ್ಲ" ಎಂದು ಬರೆದಿದೆ. ಯುಗಾದಿಯ ನಂತರ ಮರಳಿದಾಗ ಮೊದಲು ತೂಗುವುದು ಇವರನ್ನೇ ಎಂದು ಆಕೆ ಹೇಳಿದಳು. ತಕ್ಕಡಿಯ ಜೋಳಿಗೆಯನ್ನು ಒಗೆದು ಬಾಗಿಲ ಮೊಳೆಗೆ ಒಣಹಾಕಿದ್ದಳು.