ಆಂಗ್ಲ ಪದ್ಯವೂ ಅಜ್ಜಿಯ ಹೊಳೆಯೂ

ಪ್ರಾಥಮಿಕ ಶಾಲೆಯ ಉಪಾಧ್ಯಾಯನಿಗೆ ಆಂಗ್ಲ ಸಾಹಿತ್ಯದ ಗೊಡವೆ ಏಕೆಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಟಿ.ಟಿ.ಸಿ. ಮುಗಿಸಿ, ನಾಲ್ಕನೆಯ ತರಗತಿಗೆ ಕಾಗುಣಿತವನ್ನೂ ಮಗ್ಗಿಯನ್ನೂ ಹೇಳಿಕೊಡುವ ನನಗೆ ಷೇಕ್ಸ್‌ಪಿಯರನ ಹೆಸರು ಗೊತ್ತು, ಪರಿಚಯ ಸಾಲದು. ಆದರೆ ನಮ್ಮ ಹಳ್ಳಿಗಳಲ್ಲಿ ಮಾಷ್ಟ್ರು ಎನಿಸಿಕೊಂಡವನಿಗೆ ಬಾರದ ವಿದ್ಯೆಯೇ ಇರಕೂಡದು. ಕಳೆದ ವರ್ಷ ಪರೀಕ್ಷೆ ಸಮೀಪಿಸಿದಾಗ ಹೊಳೆಬದಿಯ ಮನೆಯ ಹುಡುಗಿಯೊಬ್ಬಳು ಇಂಗ್ಲಿಷ್ ಪುಸ್ತಕವನ್ನು ಹಿಡಿದು ನಮ್ಮ ಜಗಲಿಗೆ ಬಂದುದು ಹೀಗೆ. ಹತ್ತನೆಯ ತರಗತಿಯವಳು, ಆರು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿಯೇ ಕುಳಿತಿದ್ದವಳು.

ಅವಳ ಕೈಯಲ್ಲೊಂದು ಚೀಟಿ ಇದ್ದಿತು. ಸಿಮಿಲಿ, ಮೆಟಫರ್, ಅಲಿಟರೇಷನ್, ಪರ್ಸಾನಿಫಿಕೇಷನ್ ಎಂದು ಎಂಟೋ ಹತ್ತೋ ಹೆಸರುಗಳು. ಒಂದೊಂದರ ಮುಂದೆ ಅದರದರ ಲಕ್ಷಣ. ಎಲ್ಲವೂ ಬಾಯಿಪಾಠವಾಗಿದ್ದವು. “ಇವುಗಳಲ್ಲಿ ಒಂದನ್ನು ಪದ್ಯದಲ್ಲಿ ತೋರಿಸು ನೋಡೋಣ” ಎಂದೆ. ಪುಟ ತಿರುಗಿಸಿದಳು, ಮತ್ತೆ ತಿರುಗಿಸಿದಳು. “ಪದ್ಯ ಬೇರೆ, ಇದು ಬೇರೆ ಅಲ್ಲವೋ ಮಾಷ್ಟ್ರೇ?” ಎಂದಳು.

ನನಗೆ ನಗು ಬಂದಿತು. ನಾನೂ ಹಾಗೆಯೇ ಕಲಿತವನೆಂಬುದು ನೆನಪಾಗಿ ಅದು ಅಲ್ಲಿಯೇ ನಿಂತಿತು.

ಒಳಗಿನ ಕಪಾಟಿನಿಂದ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಪುಸ್ತಕವನ್ನು ತಂದೆ. 1926ರ ಆ ಸಂಗ್ರಹದಲ್ಲಿ ‘ಕಾರಿಹೆಗ್ಗಡೆಯ ಮಗಳು’ ಎಂಬ ಕಥನಗೀತವಿದೆ. ಸ್ಕಾಟ್ಲೆಂಡಿನ ಕವಿ ಥಾಮಸ್ ಕ್ಯಾಂಪ್‌ಬೆಲ್ ಬರೆದ ಲಾರ್ಡ್ ಅಲಿನನ ಮಗಳ ಕಥೆಯದು. ನಲ್ಲನೊಡನೆ ಓಡಿಬಂದ ಹುಡುಗಿ ನೀರಿನ ಅಂಚಿನಲ್ಲಿ ನಿಂತಿದ್ದಾಳೆ. ಹಿಂದೆ ತಂದೆಯ ಕುದುರೆಗಳು, ಮುಂದೆ ಬಿರುಗಾಳಿ. ಹಣಕ್ಕಾಗಿ ಅಲ್ಲ, ಅವಳ ಮುಖ ನೋಡಿ ಅಂಬಿಗ ದೋಣಿ ಬಿಡುತ್ತಾನೆ. ತಂದೆ ದಡಕ್ಕೆ ಬಂದು ಕ್ಷಮಿಸಿದೆನೆಂದು ಕೂಗುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಕ್ಯಾಂಪ್‌ಬೆಲ್ಲನ ಬೆಳ್ಳಿಯ ಪೌಂಡು ಶ್ರೀಯವರ ಕೈಯಲ್ಲಿ ಹೊನ್ನಾಯಿತು, ಅಂಬಿಗನು ತೊರೆಯನಾದನು, ಅಲ್ಲಿಯ ನೀರು ಕಾಯಲಾಯಿತು. ಕಾಯಲು ಎಂಬ ಮಾತು ಬಂದೊಡನೆ ಹುಡುಗಿ ತಲೆಯೆತ್ತಿದಳು. ದಿನವೂ ಮಲೆಯಾಳ ಕಿವಿಗೆ ಬೀಳುವ ನಮ್ಮ ಕಾಸರಗೋಡಿನ ಮಕ್ಕಳಿಗೆ ಅದರ ಅರ್ಥವನ್ನು ಕೋಶದಲ್ಲಿ ಹುಡುಕಬೇಕಾಗಿಲ್ಲ.

ತೊಡೆಯ ಮೇಲೆ ತಾಳ ಹಾಕಿ ಓದೆಂದೆ. ಮೂರು, ನಾಲ್ಕು, ಮೂರು, ನಾಲ್ಕು. “ಇದು ಭಾಮಿನಿಯ ಹಾಗೆ ಉಂಟಲ್ಲ!” ಎಂದಳು. ಪಾರ್ತಿಸುಬ್ಬನ ಕುಂಬಳೆ ನಮ್ಮ ಜಿಲ್ಲೆಯದಷ್ಟೆ. ಆಟ ನೋಡಿ ಬೆಳೆದ ಕಿವಿಗೆ ಷಟ್ಪದಿಯ ನಡೆಯನ್ನು ಹಿಡಿಯುವುದು ಕಷ್ಟವಲ್ಲ. ಬಳಿಕ ಮೊದಲ ಪದ್ಯದ ಸಾಲುಗಳಲ್ಲಿ ಎರಡನೆಯ ಅಕ್ಷರಗಳ ಮೇಲೆ ಬೆರಳಿಡಿಸಿದೆ. ಸಾಲುಸಾಲಿಗೂ ಅದೇ ವ್ಯಂಜನ. ಆಂಗ್ಲ ಮೂಲದಲ್ಲಾದರೋ ಪ್ರಾಸವು ಸಾಲಿನ ಕೊನೆಯಲ್ಲಿ ಬರುತ್ತದೆ, ಒಂದು ಬಿಟ್ಟು ಒಂದು ಸಾಲಿಗೆ. ಅವಳ ಚೀಟಿಯ ಅಲಿಟರೇಷನ್ ಮೂರನೆಯ ಬಗೆ, ಪದಗಳ ಮೊದಲ ಧ್ವನಿಯದು. ಮೂರೂ ಒಂದೇ ಅಲ್ಲ, ದಾಯಾದಿಗಳು.

ಇಲ್ಲಿ ಒಂದು ಸೋಜಿಗವನ್ನು ಹೇಳದಿರಲಾರೆ. ಇಂಗ್ಲಿಷಿನಿಂದ ಹೊಸ ಹಾಡನ್ನು ತಂದ ಶ್ರೀಯವರು ಈ ಪದ್ಯದಲ್ಲಿ ಹಳೆಯ ದ್ವಿತೀಯಾಕ್ಷರ ಪ್ರಾಸವನ್ನು ಉಳಿಸಿಕೊಂಡಿದ್ದಾರೆ. ನಮ್ಮ ಮಂಜೇಶ್ವರದ ಗೋವಿಂದ ಪೈಗಳೋ 1911ರಲ್ಲಿಯೇ ಅದನ್ನು ತೊರೆದಿದ್ದರು. ಊರಿನ ಅಭಿಮಾನದಿಂದ ಹೀಗೆನ್ನುತ್ತಿಲ್ಲ. ಸ್ವಲ್ಪ ಅಭಿಮಾನವೂ ಉಂಟೆನ್ನಿ. “ಪ್ರಾಸ ಬಿಟ್ಟರೆ ಮಾರ್ಕು ಹೋಗುವುದಿಲ್ಲವೋ?” ಎಂದು ಹುಡುಗಿ ಕೇಳಿದಳು. ಆ ಕಾಲದ ಪಂಡಿತರು ಎತ್ತಿದ ಆಕ್ಷೇಪವೂ ಹೆಚ್ಚುಕಡಿಮೆ ಇದೇ ಆಗಿದ್ದಿತು.

ಮೂಲದಲ್ಲಿ ಆಕಾಶವೂ ಮುಖ ಸಿಂಡರಿಸುತ್ತದೆಂದು ತೋರಿಸಿದಾಗ ಅವಳೇ ಹೇಳಿದಳು: “ಹೊಳೆ ಮುನಿದಿದೆ ಎಂದು ಅಜ್ಜಿ ಹೇಳುವುದುಂಟು. ಅದೂ ಪರ್ಸಾನಿಫಿಕೇಷನ್ನೇ ಅಲ್ಲವೋ?” ನನಗೆ ಬಹಳ ಸಂತೋಷವಾಯಿತು. ಪ್ರಬಂಧಕ್ಕೂ ಅಂಕಗಳಿದ್ದುದರಿಂದ, “ಅಜ್ಜಿಯ ಹೊಳೆಯನ್ನೇ ಬರೆದು ತಾ. ಮೊದಲು ಕನ್ನಡದಲ್ಲಿ ಬರೆ, ಆಮೇಲೆ ಇಂಗ್ಲಿಷಿಗೆ ತಿರುಗಿಸೋಣ” ಎಂದೆ.

“ಅದು ಯಾವ ಗೈಡಿನಲ್ಲಿ ಉಂಟು?”

“ಗೈಡು ಏಕೆ? ನಿನ್ನ ಮನೆಯ ಹೊಳೆಯಲ್ಲವೇ?”

ಅವಳು ತುಸು ತಡೆದು, “ಮನೆಯ ಮಾತು ಬರೆಯಬಾರದೆಂದು ನೀವೇ ಹೇಳಿದ್ದಲ್ಲವೋ, ನಾಲ್ಕನೆಯಲ್ಲಿ?” ಎಂದಳು. ಆಕ್ಷೇಪವೇನೂ ಇರಲಿಲ್ಲ ಆ ದನಿಯಲ್ಲಿ. ಪಾಠ ಒಪ್ಪಿಸುವಂತೆ ಹೇಳಿದಳು.

ಆಗ ನೆನಪಾಯಿತು. ವಿಷಯ ಮಳೆಗಾಲ. ಹೊಳೆ ಏರಿದ ರಾತ್ರಿ ಅಜ್ಜಿ ಮೆಟ್ಟಿಲ ಮೇಲೊಂದು ಕಲ್ಲಿಟ್ಟು, ನೀರು ಕಲ್ಲನ್ನು ಮುಟ್ಟಿತೋ ಎಂದು ದೀಪ ಹಿಡಿದು ಮತ್ತೆ ಮತ್ತೆ ನೋಡುತ್ತಿದ್ದರೆಂದು ಅವಳು ಬರೆದಿದ್ದಳು. ನಾನು ಅದಕ್ಕೆ ಕೆಂಪು ಶಾಯಿಯ ಅಡ್ಡಗೆರೆ ಎಳೆದು, “ವಿಷಯಕ್ಕೆ ಸಂಬಂಧವಿಲ್ಲ” ಎಂದು ಷರಾ ಬರೆದೆ. ಹಲಗೆಯ ಮೇಲೆ ಮಳೆಯು ರೈತನ ಮಿತ್ರನೆಂದು ಆರಂಭವಾಗುವ ಹತ್ತು ವಾಕ್ಯಗಳನ್ನು ಬರೆದು ಎಲ್ಲರಿಂದಲೂ ನಕಲು ಮಾಡಿಸಿದೆ. ಪೀಠಿಕೆ, ನಿರೂಪಣೆ, ಉಪಸಂಹಾರ. ಮೂವತ್ತು ಪುಸ್ತಕಗಳಲ್ಲಿ ಒಂದೇ ಮಳೆ.

ಆ ರಾತ್ರಿ ನಿದ್ರೆ ಹತ್ತಲಿಲ್ಲ. ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ ನಾನು ಹಿಂದೆಯೇ ಮೆಚ್ಚಿ ಓದಿದ ಪುಸ್ತಕ. ಅಂಥ ಪ್ರಬಂಧಕ್ಕೆ ಆಂಗ್ಲರಲ್ಲಿ ಹೆಸರಾದವನು ಚಾರ್ಲ್ಸ್ ಲ್ಯಾಂಬ್ ಎಂಬುದನ್ನೂ ಕೇಳಿದ್ದೆ. ಮರುದಿನ ಲ್ಯಾಂಬನನ್ನು ಗ್ರಂಥಾಲಯದಿಂದ ತಂದು ಕೋಶದ ನೆರವಿನಿಂದ ಓದತೊಡಗಿದೆ. ಈತ ಪ್ರಾಧ್ಯಾಪಕನಲ್ಲ. 1792ರಿಂದ 1825ರವರೆಗೆ ಲಂಡನ್ನಿನ ಈಸ್ಟ್ ಇಂಡಿಯಾ ಕಂಪೆನಿಯ ಕಚೇರಿಯಲ್ಲಿ ಲೆಕ್ಕ ಬರೆದ ಗುಮಾಸ್ತ. 1799ರಲ್ಲಿ ಟಿಪ್ಪು ಮಡಿದ ಮೇಲೆ ನಮ್ಮ ನಾಡನ್ನು ಕೈವಶ ಮಾಡಿಕೊಂಡ ಕಂಪೆನಿಯೇ ಅದು. ಎಲಿಯಾ ಎಂಬ ಹೆಸರಿನಲ್ಲಿ ಅವನು ಬರೆದುದಾದರೂ ಏನನ್ನು? ಹಳೆಯ ಪಿಂಗಾಣಿ ಬಟ್ಟಲುಗಳನ್ನು, ಹೊಗೆಗೂಡು ಗುಡಿಸುವ ಬಡ ಹುಡುಗರನ್ನು, ಸುಟ್ಟ ಹಂದಿಮರಿಯ ರುಚಿಯನ್ನು. ಎಲ್ಲವೂ ಮನೆಯ ಮಾತೇ, ಬೀದಿಯ ಮಾತೇ. ನನ್ನ ಕೆಂಪು ಶಾಯಿಗೆ ಸಿಕ್ಕಿದ್ದರೆ ಎಲಿಯಾನ ಪುಸ್ತಕದಲ್ಲಿ ಪುಟಸಂಖ್ಯೆಗಳು ಮಾತ್ರ ಉಳಿಯುತ್ತಿದ್ದವು.

ಎರಡು ದಿನ ಬಿಟ್ಟು ಹುಡುಗಿ ಬಂದಳು. “ಆ ಕಲ್ಲಿನ ಸಂಗತಿಯನ್ನೂ ಬರೆಯಬಹುದೆಂದು ಹೇಳಲು ನಾನೇ ಬರುವವನಿದ್ದೆ” ಎಂದೆ. “ಬರೆದಾಯಿತು” ಎಂದು ಮೂರು ಪುಟಗಳನ್ನು ಮುಂದಿಟ್ಟಳು. ಅಜ್ಜಿ ಇದ್ದರು, ದೀಪ ಇದ್ದಿತು. ಕಲ್ಲು ಈಗಲೂ ಅದೇ ಮೆಟ್ಟಿಲ ಬದಿಯಲ್ಲಿ ಉಂಟೆಂದೂ, ಕಳೆದ ಮಳೆಗಾಲದಲ್ಲಿ ಅಜ್ಜಿಗೆ ಕಣ್ಣು ಮಂಜಾದುದರಿಂದ ದೀಪ ಹಿಡಿದು ನೋಡಿದವಳು ತಾನೆಂದೂ ಬರೆದಿದ್ದಳು.

ಎರಡು ಕಡೆ ಒತ್ತಕ್ಷರ ತಪ್ಪಿದ್ದಿತು. ಮೇಜಿನ ಮೇಲೆ ಇದ್ದುದು ಕೆಂಪು ಲೇಖನಿಯೊಂದೇ. ಒಳಗೆ ಹೋಗಿ ಪೆನ್ಸಿಲು ಹುಡುಕಿ ತಂದೆ.